ಡಾಕ್ಟ್ರಮ್ಮನ ಬೆರಳು

ಕುಂಡದ ಗಿಡ ಬಾಯಾರಿ ಸಾಯುತ್ತದೆ ಎಂದು ನಂಬಿರುವವರೇ ಹೆಚ್ಚು. ಸುಳ್ಳು. ನೂರರಲ್ಲಿ ತೊಂಬತ್ತು ಗಿಡ ಸಾಯುವುದು ನೀರು ಕುಡಿದು ಕುಡಿದು. ಎಲೆ ಹಳದಿಯಾಯಿತೆಂದು ಒಂದು ಲೋಟ, ಬಾಡಿತೆಂದು ಇನ್ನೊಂದು ಲೋಟ, ಅಯ್ಯೋ ಪಾಪ ಎಂದು ಮತ್ತೊಂದು. ಆ ಅಯ್ಯೋ ಪಾಪವೇ ಬೇರನ್ನು ಕೊಳೆಸುತ್ತದೆ. ಇಪ್ಪತ್ತೆರಡು ವರ್ಷದಿಂದ ಕಂಡಕಂಡವರಿಗೆಲ್ಲ ಇದನ್ನೇ ಹೇಳಿಕೊಂಡು ಬಂದವಳು ನಾನು. ತಲೆಯಾಡಿಸುವವರಿಗೆ ಬರವಿಲ್ಲ, ಹೇಳಿದಂತೆ ಮಾಡುವವರು ಮಾತ್ರ ಸಿಗುವುದಿಲ್ಲ.

ನಾನಿರುವುದು ಕಚೇರಿಗಳಿಗೆ ಗಿಡ ಬಾಡಿಗೆಗೆ ಕೊಡುವ ಕಂಪನಿಯಲ್ಲಿ. ಬಿಸಿಲಿನ ಮುಖ ನೋಡದ, ಹಗಲಿಡೀ ಏಸಿ ಬೀಸುವ ಜಾಗದಲ್ಲಿ ಗಿಡ ಇಟ್ಟು, ಅದು ನಗುನಗುತ್ತಾ ಇರಬೇಕು ಎಂದು ಬಯಸುವ ಜನ ಅವರು. ಬಾಡಿದರೆ ಫೋನು. ನಾವು ಹೋಗಿ ಬಾಡಿದ್ದನ್ನು ಎತ್ತಿಕೊಂಡು, ಚೆನ್ನಾಗಿರುವುದನ್ನು ಇಟ್ಟು ಬರುತ್ತೇವೆ. ಬಾಡಿದ್ದು ಗೋದಾಮಿನ ಹಿಂದಿನ ಉದ್ದನೆಯ ಕೋಣೆಗೆ ಬರುತ್ತದೆ. ಮೂರು ಸಾಲು ಕಬ್ಬಿಣದ ಹಲಗೆ, ಮೇಲೆ ಟ್ಯೂಬ್‌ಲೈಟು, ಮೂಲೆಯಲ್ಲೊಂದು ಸಿಂಕು. ಅಲ್ಲಿ ಗಿಡವನ್ನು ಕುಂಡದಿಂದ ಬಡಿದು ಬಿಡಿಸಿ, ಬೇರು ತೊಳೆದು, ಕಪ್ಪಗೆ ಲೋಳೆಯಾದದ್ದನ್ನು ಕತ್ತರಿಸಿ, ಇದ್ದಿಲ ಪುಡಿ ಬೆರೆಸಿದ ಹೊಸ ಮಣ್ಣಿಗೆ ಹಾಕಿ, ಹತ್ತು ದಿನ ಹನಿ ನೀರೂ ತೋರಿಸದೆ ಇಡುವುದು ನನ್ನ ಕೆಲಸ. ಆ ಕೋಣೆಗೆ ಎಲ್ಲರೂ ಆಸ್ಪತ್ರೆ ಎನ್ನುತ್ತಾರೆ, ನನಗೆ ಡಾಕ್ಟ್ರಮ್ಮ ಎನ್ನುತ್ತಾರೆ. ಗೇಲಿಗೆ ಇಟ್ಟ ಹೆಸರು. ಬರಬರುತ್ತಾ ಗೇಲಿ ಉದುರಿಹೋಗಿ ಹೆಸರು ಮಾತ್ರ ಉಳಿಯಿತು.

ಹೆಸರು ಬಂದದ್ದು ನನ್ನ ಬಲಗೈ ತೋರುಬೆರಳಿನಿಂದ. ಕಚೇರಿಗಳಲ್ಲಿ ಚಂದಕ್ಕೆಂದು ಕುಂಡದ ಮೇಲೆ ಬಿಳಿ ಕಲ್ಲು ಹರಡಿರುತ್ತಾರೆ, ಮಣ್ಣು ಕಾಣುವುದಿಲ್ಲ. ಎತ್ತಿ ತೂಕ ನೋಡೋಣವೆಂದರೆ ಇಬ್ಬರು ಆಳು ಬೇಕು. ನಾನು ಕಲ್ಲಿನ ಸಂದಿಯಲ್ಲಿ ಬೆರಳನ್ನು ಎರಡು ಗೆಣ್ಣು ಇಳಿಸಿದರೆ ಸಾಕು, ನೀರು ಇವತ್ತು ಬೇಕೋ, ನಾಳಿದ್ದು ಬೇಕೋ, ಮುಂದಿನ ವಾರವೋ ತಿಳಿದುಬಿಡುತ್ತಿತ್ತು. ಬೆರಳು ಮಣ್ಣಿನಲ್ಲಿರುವಾಗ ಕುಂಡದ ಕಡೆ ನೋಡುತ್ತಲೂ ಇರಲಿಲ್ಲ. ರಿಸೆಪ್ಷನ್ನಿನಲ್ಲಿ ಕೂತವಳ ಜೊತೆ ಹರಟುತ್ತಿದ್ದೆ. ಜಂಬ ಎನ್ನಿ. ಇತ್ತು, ಇಲ್ಲ ಎನ್ನುವುದಿಲ್ಲ.

ನಮ್ಮಲ್ಲಿ ನೋಡುವವರು ಒಬ್ಬರು, ನೀರು ಹಾಕುವವರು ಇನ್ನೊಬ್ಬರು. ನೋಡುವವಳಾದ ನಾನು ಮುಂದೆ ಹೋಗಿ ಕುಂಡದ ಅಂಚಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸುತ್ತೇನೆ. ಒಂದು ಕ್ಲಿಪ್ಪಿಗೆ ಅರ್ಧ ಜಗ್ಗು, ಎರಡಕ್ಕೆ ತುಂಬಿದ ಜಗ್ಗು, ಕ್ಲಿಪ್ಪಿಲ್ಲದಿದ್ದರೆ ಏನೂ ಇಲ್ಲ. ಹಿಂದೆ ನೀರಿನ ಗಾಡಿ ತಳ್ಳಿಕೊಂಡು ಬರುವವರು ಅದರಂತೆ ನೀರು ಹಾಕಿ, ಕ್ಲಿಪ್ಪು ಕಿತ್ತು ಚೀಲಕ್ಕೆ ಸೇರಿಸಿಕೊಂಡು ಮುಂದಕ್ಕೆ ಹೋಗಬೇಕು. ಎರಡು ವರ್ಷದಿಂದ ನನ್ನ ಹಿಂದೆ ಗಾಡಿ ತಳ್ಳುತ್ತಿದ್ದವಳು ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಮಹಡಿ ಮೇಲೆ ನಮ್ಮ ಸಂಸಾರ, ಕೆಳಗೆ ಅವರದು. ಕೆಲಸ ಕೊಡಿಸಿದ್ದೂ ನಾನೇ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ನನಗಿಂತ ಹದಿನಾಲ್ಕು ವರ್ಷಕ್ಕೆ ಚಿಕ್ಕವಳು. ನಾನು ಬಯ್ದರೆ ತಲೆ ತಗ್ಗಿಸುತ್ತಿದ್ದಳು, ಹೊಗಳಿದರೂ ತಲೆ ತಗ್ಗಿಸುತ್ತಿದ್ದಳು. ಒಟ್ಟಿನಲ್ಲಿ ನನಗೆ ಒಗ್ಗಿಕೊಂಡವಳು.

ಈ ವರ್ಷದ ಮೊದಲ ತಿಂಗಳುಗಳಲ್ಲೇ ಆಸ್ಪತ್ರೆಗೆ ರೋಗಿಗಳು ಸಾಲುಗಟ್ಟಿದರು. ವಕೀಲರ ಕಚೇರಿಯಿಂದ ಎರಡು ರಬ್ಬರ್ ಗಿಡ, ಬ್ಯಾಂಕಿನ ಮೆಟ್ಟಿಲ ಬಳಿಯ ಲಿಲಿ, ಕಣ್ಣಿನ ಡಾಕ್ಟರ ಕ್ಲಿನಿಕ್ಕಿನಿಂದ ಒಂದೇ ವಾರ ನಾಲ್ಕು ಮನಿ ಪ್ಲಾಂಟು. ಎಲ್ಲವೂ ನಮ್ಮ ಮಾರ್ಗದ ಗಿಡಗಳೇ. ಕುಂಡ ಬಡಿದು ಬಿಡಿಸಿದರೆ ಗಪ್ಪೆಂದು ಹುಳಿ ವಾಸನೆ, ಬೇರು ಹಿಡಿದರೆ ಸಿಪ್ಪೆ ಕಳಚಿ ಕೈಗೆ ಬರುತ್ತಿತ್ತು. ನೀರು ಹೆಚ್ಚಾಗಿದೆ, ಅದರಲ್ಲಿ ಎರಡನೇ ಮಾತಿಲ್ಲ. ಹೆಚ್ಚು ಹಾಕಿದ್ದು ಯಾರು? ನೀರು ಹಾಕುವವಳು ಯಾರೋ ಅವಳು. ನನಗೆ ಲೆಕ್ಕ ಅಷ್ಟು ಸರಳವಾಗಿ ಕಂಡಿತು.

"ಜಗ್ಗು ತುಂಬಿ ತುಳುಕಿಸ್ತಿದೀಯ ಏನು?" ಎಂದು ಕೇಳಿದೆ.

"ಇಲ್ಲ ಅಕ್ಕ, ಕ್ಲಿಪ್ ಎಷ್ಟಿದ್ಯೋ ಅಷ್ಟೇ ಹಾಕ್ತೀನಿ," ಎಂದಳು. ಜಗ್ಗು ಕೆಳಗಿಟ್ಟು, "ಅಕ್ಕ, ಬೇಜಾರಾಗಬೇಡಿ. ಕೆಲವು ಕುಂಡದಲ್ಲಿ ಇನ್ನೂ ತೇವ ಇದ್ದಂಗಿರತ್ತೆ. ಇನ್ನೊಂದು ಸಲ ನೋಡ್ತೀರಾ?" ಎಂದಳು.

"ಇದ್ದಂಗಿರತ್ತಾ? ನಿನಗೆ ಹೇಗೆ ಗೊತ್ತಾಯ್ತು, ಕುಂಡ ಬಂದು ಕಿವೀಲಿ ಹೇಳ್ತಾ?"

ಅವಳು ಗಾಡಿ ತಳ್ಳಿಕೊಂಡು ಮುಂದೆ ಹೋದಳು. ಹದಿನೈದು ದಿನದ ಮೇಲೆ ಒಂದು ಹೊಸ ವಸ್ತು ತಂದು ನನ್ನ ಮುಂದೆ ಹಿಡಿದಳು. ಮಣ್ಣಿಗೆ ಚುಚ್ಚಿದರೆ ಮುಳ್ಳು ತಿರುಗಿ ತೇವ ಎಷ್ಟಿದೆ ಎಂದು ತೋರಿಸುವ ಯಂತ್ರ, ಪೆನ್ನಿನಷ್ಟು ಉದ್ದ. ಸ್ವಂತ ಖರ್ಚಿನಲ್ಲಿ ತಂದಿದ್ದಳು. ಆಗ ವ್ಯಾನಿನ ಡ್ರೈವರ್ ಪಕ್ಕದಲ್ಲೇ ಇದ್ದ. ನಾನು ಅದನ್ನು ಬೆಳಕಿಗೆ ಹಿಡಿದು, "ನೋಡಪ್ಪಾ, ನಮ್ಮ ಚಿಕ್ಕೋಳು ಹೊಸ ಡಾಕ್ಟ್ರನ್ನ ಕರ್ಕೊಂಡ್ ಬಂದಿದಾಳೆ, ನಾನು ಮನೇಗೆ ಹೋಗಬಹುದು," ಎಂದೆ. ಡ್ರೈವರ್ ಹೊಟ್ಟೆ ಹಿಡಿದು ನಕ್ಕ. ಅವಳೂ ಸಣ್ಣಗೆ ನಕ್ಕು ಅದನ್ನು ಚೀಲಕ್ಕೆ ಹಾಕಿಕೊಂಡಳು. ಆ ನಗು ನೆನಪಾದರೆ ಈಗ ನನ್ನ ಮುಖಕ್ಕೆ ನಾನೇ ಹೊಡೆದುಕೊಳ್ಳಬೇಕು ಎನಿಸುತ್ತದೆ.

ಒಂದು ಮಂಗಳವಾರ ವಕೀಲರ ಕಟ್ಟಡದ ಐದನೇ ಮಹಡಿ ಮುಗಿಸಿ ಆರಕ್ಕೆ ಹೋದವಳು ಕನ್ನಡಕ ಮರೆತೆನೆಂದು ವಾಪಸು ಇಳಿದೆ. ಕಾರಿಡಾರಿನ ಆ ತುದಿಯಲ್ಲಿ ವಾರಗಿತ್ತಿ ನನಗೆ ಬೆನ್ನು ಹಾಕಿ ನಿಂತಿದ್ದಳು. ನಾನು ಎರಡು ಕ್ಲಿಪ್ಪು ಸಿಕ್ಕಿಸಿ ಹೋಗಿದ್ದ ರಬ್ಬರ್ ಗಿಡದಿಂದ ಅವುಗಳನ್ನು ಕಿತ್ತಳು, ಚೀಲಕ್ಕೆ ಹಾಕಿದಳು, ಹನಿ ನೀರೂ ಹಾಕದೆ ಗಾಡಿ ತಳ್ಳಿದಳು. ಮುಂದಿನದಕ್ಕೂ ಹಾಗೆಯೇ. ಅದರ ಮುಂದಿನದಕ್ಕೆ ಮಾತ್ರ ಹಾಕಿದಳು.

ನನಗೆ ರೋಗದ ಮೂಲ ಸಿಕ್ಕಿಬಿಟ್ಟಿತು. ಅಂದರೆ ಸಿಕ್ಕಿತು ಎಂದುಕೊಂಡೆ. ಸೋಮಾರಿತನಕ್ಕೆ ಕೆಲವು ಕುಂಡ ಬಿಡುತ್ತಾಳೆ, ಗಾಡಿ ಖಾಲಿ ಮಾಡಬೇಕಲ್ಲ, ಉಳಿದ ನೀರನ್ನೆಲ್ಲ ಸಿಕ್ಕ ಕುಂಡಕ್ಕೆ ಸುರಿಯುತ್ತಾಳೆ. ಅದಕ್ಕೇ ಕೊಳೆಯುತ್ತಿವೆ. ರಕ್ತ ತಲೆಗೇರಿತು.

"ಎರಡು ಕ್ಲಿಪ್ ಇತ್ತಲ್ಲೇ ಅದಕ್ಕೆ?"

ಬೆಚ್ಚಿ ತಿರುಗಿದಳು. "ಆ ಕುಂಡದಲ್ಲಿ ನೀರಿತ್ತು ಅಕ್ಕ."

"ನನ್ನ ಬೆರಳಿಗೆ ಗೊತ್ತಾಗದ ನೀರು ನಿನ್ನ ಕಣ್ಣಿಗೆ ಕಾಣ್ತಾ? ಎಷ್ಟು ದಿನದಿಂದ ನಡೀತಿದೆ ಈ ನಾಟಕ?"

ಅವಳು ಒಂದು ಕ್ಷಣ ನನ್ನ ಕೈಯನ್ನೇ ನೋಡಿದಳು. ಆಮೇಲೆ, "ಎರಡು ತಿಂಗಳಿಂದ," ಎಂದಳು, ಅಷ್ಟೇ.

ಮನೆಯ ಮಾತು ಮನೆಯಲ್ಲೇ ಮುಗಿಸಬಹುದಿತ್ತು. ನಾನು ಸೀದಾ ಗೋದಾಮಿಗೆ ಹೋಗಿ ಸೂಪರ್‌ವೈಸರನ ಮುಂದೆ ಹೇಳಿದೆ. ಅವನು ಹತ್ತು ವರ್ಷದ ಹಿಂದೆ ನನ್ನ ಕೈಕೆಳಗೆ ಪಳಗಿದವನು, ನಾನು ಹೇಳಿದ್ದೇ ಅವನಿಗೆ ಕೊನೆಯ ಮಾತು. ಅವಳನ್ನು ಕರೆಸಿ ಕೇಳಿದ. ಅವಳು ನನ್ನತ್ತ ಒಮ್ಮೆ ನೋಡಿ, "ಹೌದು ಸರ್, ಕೆಲವಕ್ಕೆ ಹಾಕಿಲ್ಲ," ಎಂದಳು. ಯಾಕೆ ಎಂದಾಗ ಬಾಯಿ ಬಿಡಲಿಲ್ಲ. ಸಂಜೆಯೊಳಗೆ ಗುರುತಿನ ಕಾರ್ಡು ಕೊಟ್ಟು ಮನೆಗೆ ಹೋದಳು. ನಮ್ಮ ಕೆಲಸದವರಲ್ಲಿ 'ಕೈ ಭಾರ' ಎಂಬ ಮಾತಿದೆ. ನೀರು ಸುರಿದು ಗಿಡ ಕೊಲ್ಲುವವರಿಗೆ ಹಾಗೆನ್ನುತ್ತಾರೆ. ಆ ಬಿರುದು ಅಂಟಿದವರನ್ನು ಬೇರೆ ಕಡೆಯೂ ಯಾರೂ ಹತ್ತಿರ ಸೇರಿಸುವುದಿಲ್ಲ. ಅದನ್ನು ಅವಳಿಗೆ ಅಂಟಿಸಿದವಳು ನಾನು.

ಮನೆಯಲ್ಲಿ ಮಾತು ನಿಂತಿತು. ಮೈದುನ ಮೆಟ್ಟಿಲಲ್ಲಿ ಎದುರಾದರೆ ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಿದ್ದ, ಮುಖ ನೋಡುತ್ತಿರಲಿಲ್ಲ. ನನ್ನ ಗಂಡ ಬೆನ್ನು ನೋವಿಗೆ ಕೆಲಸ ಬಿಟ್ಟು ಮೂರು ವರ್ಷವಾಯಿತು, ಮನೆಯ ಅಡುಗೆ ಅವರದೇ. "ಕೆಳಗಿನವರು ಈಗ ಬಾಗಿಲನ್ನೂ ಸದ್ದಿಲ್ಲದೆ ಹಾಕ್ತಾರೆ ಕಣೆ. ಜಗಳ ಆಡಿದ್ರೆ ಎಷ್ಟೋ ವಾಸಿಯಿತ್ತು," ಎಂದರು. ನಾನು ಮುಖ ಊದಿಸಿಕೊಂಡು ತಟ್ಟೆ ತೊಳೆದೆ.

ಇನ್ನು ಗಿಡಗಳು ಸುಧಾರಿಸಬೇಕಿತ್ತಲ್ಲ? ನೋಡುವುದೂ ನಾನೇ, ನೀರು ಹಾಕುವುದೂ ನಾನೇ. ಮೂರು ವಾರದಲ್ಲಿ ಹತ್ತೊಂಬತ್ತು ಗಿಡ ಹೋದವು. ಆಸ್ಪತ್ರೆಯಲ್ಲಿ ಹತ್ತು ದಿನದ ಉಪವಾಸ ಮುಗಿಸಿ ಚಿಗುರಿದ್ದವೂ ನಾನು ನೀರು ಹಾಕಲು ಶುರುಮಾಡಿದ ಮೇಲೆ ಒಂದೊಂದಾಗಿ ಕುಸಿದವು. ಅವಳ ಕೈಯ ವಿಷ ಇನ್ನೂ ಇಳಿದಿಲ್ಲ ಎಂದುಕೊಂಡೆ, ಸೂಪರ್‌ವೈಸರನಿಗೂ ಹಾಗೆಯೇ ಹೇಳಿದೆ. ಮಣ್ಣು ಸರಿಯಿಲ್ಲ ಎಂದುಕೊಂಡೆ. ಏಸಿಯನ್ನು ಬಯ್ದೆ. ಬಯ್ಯಲು ಯಾರೂ ಉಳಿಯದಿದ್ದಾಗ ಗಿಡಗಳನ್ನೇ ಬಯ್ದೆ.

ವಕೀಲರ ಕಚೇರಿಯಲ್ಲಿ ಒಂದು ಬೆಳಗ್ಗೆ ಬೆರಳು ಮಣ್ಣಿಗಿಳಿಸಿ, ಒಣಗಿದೆ ಎಂದುಕೊಂಡು ಜಗ್ಗು ಎತ್ತಿದ್ದೆ. ನೆಲ ಒರೆಸುತ್ತಿದ್ದ ಹೆಂಗಸು, "ಅಯ್ಯೋ ಅಮ್ಮ, ಕೈ ನೋಡ್ಕೊಳ್ಳಿ!" ಎಂದು ಕೂಗಿದಳು. ಬೆರಳಿನಿಂದ ರಕ್ತ ಇಳಿದು ಜಗ್ಗಿನ ಹಿಡಿಗೆ ಮೆತ್ತಿತ್ತು. ಕಚೇರಿಯವರು ಕುಂಡಕ್ಕೆ ಎಸೆಯದ ವಸ್ತುವಿಲ್ಲ, ಟೀ ಸೊಪ್ಪು, ಚ್ಯೂಯಿಂಗ್ ಗಮ್, ಸ್ಟೇಪ್ಲರ್ ಪಿನ್ನು. ಅಂಥ ಒಂದು ಪಿನ್ನು ನನ್ನ ತೋರುಬೆರಳ ತುದಿಗೆ ಉಗುರಿನ ಕೆಳಗೆ ಅರ್ಧಕ್ಕೆ ಇಳಿದು ನಿಂತಿತ್ತು. ಆ ಹೆಂಗಸೇ ಅದನ್ನು ಎಳೆದು ತೆಗೆದಳು. ನೋಡುವಾಗ ಅವಳ ಮುಖ ಕಿವುಚಿತು. ನನಗೆ ಏನೂ ಆಗಲಿಲ್ಲ.

"ನೋವಾಗ್ಲಿಲ್ವಾ?"

"ಇಲ್ಲ," ಎಂದೆ.

ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡೆ. ನಲ್ಲಿಯ ಕೆಳಗೆ ಬೆರಳು ಹಿಡಿದು, ಕಣ್ಣು ಮುಚ್ಚಿ, ಎಡಗೈಯಿಂದ ನಲ್ಲಿ ತಿರುಗಿಸಿದೆ. ಸದ್ದು ಕೇಳಿಸಿತು. ಬೆರಳಿಗೆ ಏನೂ ಕೇಳಿಸಲಿಲ್ಲ. ತಣ್ಣಗೂ ಇಲ್ಲ, ಒದ್ದೆಯೂ ಇಲ್ಲ. ಮತ್ತೆ ಮಾಡಿದೆ, ಮತ್ತೆ ಮಾಡಿದೆ. ಹೊರಗೆ ಯಾರೋ ಬಾಗಿಲು ತಟ್ಟುವವರೆಗೂ ಮಾಡಿದೆ. ಕೊನೆಗೆ ಕಮೋಡಿನ ಮುಚ್ಚಳದ ಮೇಲೆ ಕೂತು, ಈ ಆರೇಳು ತಿಂಗಳಲ್ಲಿ ನಾನು ಒಣಗಿದೆ ಎಂದ ಕುಂಡಗಳನ್ನೆಲ್ಲ ನೆನೆದೆ.

ನನಗೆ ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷ. ಗುಳಿಗೆ ನುಂಗುವುದು ಬಿಟ್ಟರೆ ಹೆಚ್ಚು ತಲೆ ಕೆಡಿಸಿಕೊಂಡಿರಲಿಲ್ಲ. ಮರುದಿನ ಡಾಕ್ಟರ ಬಳಿ ಹೋದೆ, ನಿಜವಾದ ಡಾಕ್ಟರು. ಕಣ್ಣು ಮುಚ್ಚಿಸಿ, ತೆಳ್ಳನೆಯ ನೈಲಾನ್ ಎಳೆಯಿಂದ ಬೆರಳು ಮುಟ್ಟುತ್ತೇನೆ, ಮುಟ್ಟಿದಾಗ ಹೇಳಿ ಎಂದರು. ಕಾದೆ, ಕಾದೆ. "ಶುರು ಮಾಡಿ ಡಾಕ್ಟ್ರೇ," ಎಂದೆ. "ಮುಗೀತಮ್ಮ," ಎಂದರು. ಪಾದಕ್ಕೂ ಹಾಗೆಯೇ ಮಾಡಿದರು. ನರಗಳು ಸತ್ತುಹೋಗಿವೆ, ಇನ್ನು ಹೆಚ್ಚಾಗದಂತೆ ನೋಡಿಕೊಳ್ಳಬಹುದು, ಹೋದದ್ದು ವಾಪಸು ಬರುವುದು ಕಷ್ಟ ಎಂದರು.

ಇಲ್ಲಿಂದ ಮುಂದಿನದನ್ನು ಹೇಳಲು ನನಗೆ ನಾಚಿಕೆ. ಆದರೂ ಹೇಳುತ್ತೇನೆ. ಅಂದೇ ಮನೆಗೆ ಹೋಗಿ ಕೆಳಗಿನ ಬಾಗಿಲು ತಟ್ಟಬೇಕಿತ್ತು. ತಟ್ಟಲಿಲ್ಲ. ಅಂಗಡಿಗೆ ಹೋಗಿ ಉದ್ದನೆಯ ಬಿದಿರು ಕಡ್ಡಿಗಳ ಒಂದು ಕಟ್ಟು ಕೊಂಡೆ. ಮಣ್ಣಿಗೆ ಚುಚ್ಚಿ ಎಳೆದರೆ, ಒದ್ದೆಯಿದ್ದರೆ ಮಣ್ಣು ಕಡ್ಡಿಗೆ ಅಂಟುತ್ತದೆ, ಒಣಗಿದ್ದರೆ ಕಡ್ಡಿ ಬರಿದಾಗಿ ಬರುತ್ತದೆ. ಹೊಸಬರಿಗೆ ನಾನೇ ಹೇಳಿಕೊಡುತ್ತಿದ್ದ ಮೊದಲ ಪಾಠ ಅದು. ಯಾರಾದರೂ ನೋಡುತ್ತಿದ್ದರೆ ಬೆರಳಿಳಿಸಿ ನಾಟಕ ಮಾಡುತ್ತಿದ್ದೆ, ಅವರು ಅತ್ತ ತಿರುಗಿದೊಡನೆ ಯೂನಿಫಾರಂ ತೋಳಿನೊಳಗಿಂದ ಕಡ್ಡಿ ಜಾರಿಸಿ ಚುಚ್ಚುತ್ತಿದ್ದೆ. ಹೊಟ್ಟೆಪಾಡು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಅರ್ಧ ನಿಜ. ಡಾಕ್ಟ್ರಮ್ಮ ಎನ್ನಿಸಿಕೊಳ್ಳದೆ ಆ ಗೋದಾಮಿನಲ್ಲಿ ಓಡಾಡುವುದು ಹೇಗೆ ಎಂಬ ಭಯ ಇನ್ನರ್ಧ, ದೊಡ್ಡ ಅರ್ಧ.

ಗಿಡಗಳು ಸುಧಾರಿಸಿದವು. ಹೊಸ ಸಾವು ನಿಂತಿತು. ಕಣ್ಣಿನ ಕ್ಲಿನಿಕ್ಕಿನ ಮನಿ ಪ್ಲಾಂಟು ಬೆರಳುದ್ದ ಚಿಗುರು ಬಿಟ್ಟಿತು. ಇಪ್ಪತ್ತನೇ ದಿನ ಸೂಪರ್‌ವೈಸರ್ ಆಸ್ಪತ್ರೆಗೆ ಬಂದು ಹಲಗೆಗಳನ್ನು ನೋಡಿ ಹಿಗ್ಗಿದ.

"ನೋಡಿದ್ರಾ ಡಾಕ್ಟ್ರಮ್ಮ? ಅವರು ಹೋದ ಮೇಲೆ ಎಲ್ಲಾ ಚಿಗುರ್ತಿವೆ. ನೀವು ಸರಿಯಾಗೇ ಹಿಡಿದ್ರಿ."

ಅಷ್ಟರಲ್ಲಿ ಅವನ ಫೋನು ಮೊಳಗಿತು. ಇನ್ನೊಂದು ಗಿಡದ ಕಂಪನಿಯವರು. ನನ್ನ ವಾರಗಿತ್ತಿ ಅಲ್ಲಿ ಕೆಲಸ ಕೇಳಿದ್ದಳಂತೆ. ಅವನು ನನ್ನತ್ತ ನೋಡಿ ಕಣ್ಣು ಮಿಟುಕಿಸಿ, "ಒಳ್ಳೆಯವರೇ, ಆದ್ರೆ ಕೈ ಭಾರ ಸರ್. ಅವರು ಹೋಗಿ ಒಂದೂವರೆ ತಿಂಗಳಿಗೇ ನಮ್ಮ ಗಿಡ ಎಲ್ಲ ಚೇತರಿಸಿಕೊಂಡಿವೆ, ಇನ್ನೇನು ಹೇಳ್ಲಿ," ಎಂದ. ನಾನು ಕತ್ತರಿ ಹಿಡಿದು ಒಂದು ಲಿಲಿಯ ಬೇರಿನ ಮುಂದೆ ನಿಂತಿದ್ದೆ. ಒಂದು ಮಾತು ಸಾಕಿತ್ತು, ಅವನು ಫೋನು ಇಡುವ ಮುಂಚೆ. ನಾಲಿಗೆ ಏಳಲಿಲ್ಲ. ಅವಳ ತಪ್ಪಿಗೆ ಸಾಕ್ಷಿ ಬೇರೆ ಬೇಕಿರಲಿಲ್ಲ, ನನ್ನ ಬಿದಿರು ಕಡ್ಡಿಯೇ ಸಾಕ್ಷಿ ಹೇಳುತ್ತಿತ್ತು. ಹೀಗೇ ಬಿಟ್ಟರೆ ಪ್ರತಿ ಹೊಸ ಎಲೆಯೂ ಅವಳ ಮೇಲೆ ಚಾಡಿ ಹೇಳುತ್ತಲೇ ಇರುತ್ತದೆ ಎಂದು ನನಗೆ ಆಗ ಹೊಳೆಯಿತು. ಸಿಂಕಿನ ಬಳಿ ಹೋಗಿ ವಾಂತಿ ಮಾಡಿದೆ.

ಅಂದು ಸಂಜೆ ಕೆಳಗಿನ ಬಾಗಿಲು ತಟ್ಟಿದೆ. ವಾರಗಿತ್ತಿ ಬಟ್ಟೆಗಳ ರಾಶಿಯ ಮುಂದೆ ನಿಂತು ಇಸ್ತ್ರಿ ಹಾಕುತ್ತಿದ್ದಳು, ಅಕ್ಕಪಕ್ಕದವರ ಬಟ್ಟೆ. ಕೂರಿ ಎನ್ನಲಿಲ್ಲ. ನಾನು ನಿಂತೇ ಹೇಳಿದೆ, ಪಿನ್ನು, ನಲ್ಲಿ, ಡಾಕ್ಟರು, ಎಲ್ಲ. ಅವಳು ಒಂದು ಅಂಗಿಯ ತೋಳು ಮುಗಿಸಿ ಮಗುಚಿ ಹಾಕಿದಳು.

"ಗೊತ್ತಿತ್ತು ಅಕ್ಕ."

"ಏನು ಗೊತ್ತಿತ್ತು?"

"ಬೆರಳು ಹೋಗಿದೆ ಅಂತ. ಒಂದಿನ ಬ್ಯಾಂಕಲ್ಲಿ ನಾನು ಆಗಷ್ಟೇ ನೀರು ಹಾಕಿದ್ದ ಕುಂಡಕ್ಕೆ ನೀವು ಮರೆತು ಇನ್ನೊಂದು ಸಲ ಬೆರಳಿಟ್ರಿ. ಒಣಗಿದೆ ಅಂದ್ರಿ. ಎರಡು ಕ್ಲಿಪ್ ಹಾಕಿದ್ರಿ. ನಿಮ್ಮ ಬೆರಳಿಂದ ನೀರು ತೊಟ್ಟಿಕ್ತಿತ್ತು ಅಕ್ಕ."

"ಆಗಲೇ ಹೇಳಬಾರದಿತ್ತಾ?"

ಅವಳು ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿಟ್ಟಳು. "ಹೇಳಿದ್ನಲ್ಲ. ಇನ್ನೊಂದು ಸಲ ನೋಡಿ ಅಂದೆ. ಆ ಮೀಟರ್ ತಂದುಕೊಟ್ಟೆ, ನೀವು ಡ್ರೈವರ್ ಮುಂದೆ ನಕ್ಕಿರಿ. ಇನ್ನೂ ಬಿಡಿಸಿ ಹೇಳೋಕೆ ಹೆದರಿಕೆ ಆಯ್ತು. ಭಾವಂಗೆ ಬೆನ್ನು ಸರಿಯಿಲ್ಲ, ಮೇಲಿನ ಮನೆ ನಿಮ್ಮೊಬ್ಬರ ಮೇಲೆ ನಿಂತಿದೆ. ಅದಕ್ಕೇ ಒದ್ದೆ ಇದ್ದ ಕುಂಡಗಳನ್ನ ಸುಮ್ಮನೆ ಬಿಟ್ಟು ಬರ್ತಿದ್ದೆ. ನೀವು ಹತ್ತಿರ ಇಲ್ಲದಾಗಷ್ಟೇ ಮೀಟರ್ ಚುಚ್ಚಿ ನೋಡ್ತಿದ್ದೆ, ಎಲ್ಲಾ ಗೊತ್ತಾಗ್ತಿರಲಿಲ್ಲ, ಗೊತ್ತಾದಷ್ಟು. ಅದಷ್ಟೇ ಉಳ್ಕೊಂಡಿದ್ದು."

ಇನ್ನೊಂದು ಅಂಗಿ ಎಳೆದುಕೊಂಡಳು. ಅದನ್ನು ಹರಡುತ್ತ ಮುಂದುವರಿಸಿದಳು.

"ಸರ್ ಮುಂದೆ ನಾನು ಬಾಯಿ ಬಿಡದೆ ನಿಂತಾಗ ಅಂದುಕೊಂಡೆ, ಇನ್ನು ಅಕ್ಕನೇ ನೀರು ಹಾಕ್ತಾರೆ, ವಾರದೊಳಗೆ ಅವರಿಗೇ ತಿಳಿಯತ್ತೆ, ಬಂದು ಹೇಳ್ತಾರೆ ಅಂತ. ಪಿನ್ ಚುಚ್ಚಿ ಎಷ್ಟು ದಿನ ಆಯ್ತು?"

"ಇಪ್ಪತ್ತು," ಎಂದೆ.

"ಇಪ್ಪತ್ತು ದಿನ ಮೇಲೆ ಓಡಾಡ್ತಾ ಇದ್ರಿ. ನಿಮ್ಮ ಹೆಜ್ಜೆ ಸದ್ದು ನನಗೆ ಇಲ್ಲಿ ಕೇಳಿಸ್ತಿತ್ತು."

"ತಪ್ಪಾಯ್ತು ಕಣೆ. ನಿನ್ನ ಕಾಲಿಗೆ ಬೀಳ್ತೀನಿ."

"ಬೇಡ ಅಕ್ಕ. ನನ್ನ ಹತ್ರ ಹೇಳಿ ಏನು ಪ್ರಯೋಜನ? ನನಗೆ ಮುಂಚೇನೇ ಗೊತ್ತಿತ್ತಲ್ಲ. ನನ್ನ ಹೆಸರು ಕೆಡಿಸಿದ್ದು ಎಲ್ಲೋ ಅಲ್ಲಿ ಹೇಳಿ." ಮತ್ತೆ ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡಳು. ಅವಳ ಕಣ್ಣು ಒದ್ದೆಯಾಗಿದ್ದವು, ಆದರೆ ನನ್ನ ಕಡೆ ತಿರುಗಲಿಲ್ಲ.

ಮರುದಿನ ಬೆಳಗ್ಗೆ ಗೋದಾಮಿನಲ್ಲಿ ಗಾಡಿಗಳಿಗೆ ನೀರು ತುಂಬುವ ಹೊತ್ತು. ಎಲ್ಲ ಮಾರ್ಗದವರೂ ಸೇರುವುದು ಆಗಲೇ, ಹನ್ನೊಂದು ಜನ. ಪೈಪು ಬಂದ್ ಮಾಡಿಸಿ, ಗಂಟಲು ಸರಿಮಾಡಿಕೊಂಡು ಹೇಳಿದೆ. ಗಿಡ ಸತ್ತದ್ದು ನನ್ನಿಂದ, ನನ್ನ ಬೆರಳಿಗೆ ಒದ್ದೆ ಯಾವುದು ಒಣಗಿದ್ದು ಯಾವುದು ತಿಳಿಯುವುದಿಲ್ಲ, ಅವಳ ಕೈ ಭಾರವಲ್ಲ, ಗಿಡಗಳಲ್ಲಿ ಒಂದಿಷ್ಟು ಉಳಿದಿದ್ದರೆ ಅದು ಅವಳು ನನ್ನ ಮಾತು ಮೀರಿದ್ದಕ್ಕೆ.

ಯಾರೂ ನಂಬಲಿಲ್ಲ.

ಡ್ರೈವರ್ ಹಲ್ಲು ಕಿರಿದ. ಸೂಪರ್‌ವೈಸರ್ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಮನೇಲಿ ತುಂಬಾ ಕಷ್ಟ ಆಗಿದ್ಯಾ ಡಾಕ್ಟ್ರಮ್ಮ? ನನಗರ್ಥ ಆಗತ್ತೆ, ಸಂಬಂಧ ಅಂದ್ಮೇಲೆ ಒಂದೇ ಸೂರು. ಅದಕ್ಕೆ ಹೀಗೆ ತಪ್ಪು ಮೈಮೇಲೆ ಹಾಕ್ಕೊಳ್ಳೋದು ಬೇಡ. ನಿಮ್ಮ ಬೆರಳು ನನಗೆ ಗೊತ್ತಿಲ್ವಾ?" ಎಂದ. ಇಪ್ಪತ್ತೆರಡು ವರ್ಷ ಕೂಡಿಸಿಟ್ಟ ಮರ್ಯಾದೆ ನನಗೇ ಅಡ್ಡ ಬಂದು ನಿಂತಿತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಆರು ಕುಂಡ ಇಡಿ," ಎಂದೆ. "ಕೆಲವಕ್ಕೆ ನೀರು ಹಾಕಿ, ಕೆಲವಕ್ಕೆ ಬೇಡ. ಮೇಲೆ ಕಲ್ಲು ಹರಡಿ. ನನ್ನ ಕಣ್ಣು ಕಟ್ಟಿ."

ಟವೆಲಿನಿಂದ ಡ್ರೈವರನೇ ಕಟ್ಟಿದ. ಇದೂ ಡಾಕ್ಟ್ರಮ್ಮನ ಒಂದು ಆಟ ಎಂದು ಅವರಿಗೆ ಖುಷಿ. ಕುಂಡ ಎಳೆಯುವ, ನೀರು ಸುರಿಯುವ ಸದ್ದು ಕೇಳಿಸಿತು. ಯಾವುದಕ್ಕೆ ಸುರಿದರು ಎಂದು ಕೇಳಿಸಬಾರದೆಂದು ನಾನೇ ಗಟ್ಟಿಯಾಗಿ ಕೆಮ್ಮಿದೆ. ಯಾರೋ ಮಣಿಕಟ್ಟು ಹಿಡಿದು ಮೊದಲ ಕುಂಡದ ಬಳಿ ಕರೆದೊಯ್ದರು.

"ನೀರು ಬೇಕು," ಎಂದೆ. ಯಾರೋ ಕಿಸಕ್ಕೆಂದರು.

ಎರಡನೆಯದು. "ನೀರು ಬೇಕು." ಮೂರನೆಯದು. "ಇದಕ್ಕೂ ಬೇಕು." ನಗು ನಿಂತಿತು. ನಾಲ್ಕನೆಯದಕ್ಕೂ ಅದನ್ನೇ ಹೇಳಿದಾಗ ಗೋದಾಮಿನಲ್ಲಿ ಮುಚ್ಚಿದ ಪೈಪಿನ ಬಾಯಿಂದ ಬೀಳುವ ಹನಿಯ ಸದ್ದು ಮಾತ್ರ ಇತ್ತು.

ಐದನೆಯದಕ್ಕೆ ಬರುವಾಗ ನನಗೆ ಏನಾಯಿತೋ. ಸೋಲಲೆಂದೇ ಬಂದವಳು ನಾನು, ಸೋತರೇ ಅವಳ ಹೆಸರು ಉಳಿಯುವುದು. ಆದರೂ ಒಂದಾದರೂ ಸರಿಹೋಗಲಿ ಎಂದು ಒಳಗಿಂದ ಆಸೆ ನುಗ್ಗಿ ಬಂತು. ಬೆರಳನ್ನು ಬುಡದವರೆಗೂ ಒತ್ತಿದೆ, ತಿರುಗಿಸಿದೆ, ಉಸಿರು ಹಿಡಿದು ಕಾದೆ. ತಣ್ಣಗಿದೆ ಎನಿಸಿತು. ನಿಜವಾಗಿ ಎನಿಸಿತು.

"ಇದು ಬೇಡ. ಇದರಲ್ಲಿ ನೀರಿದೆ."

ನಾನೇ ಟವೆಲ್ ಕಿತ್ತೆ. ನನ್ನ ಬೆರಳಿಗೆ ಅಂಟಿದ್ದು ಬೂದಿಯಂಥ ಪುಡಿ ಮಣ್ಣು. ಹಿಂದಿನ ನಾಲ್ಕು ಕುಂಡಗಳ ಕೆಳಗಿನ ತಟ್ಟೆಗಳಲ್ಲಿ ನೀರು ನಿಂತಿತ್ತು. ಆರನೆಯದನ್ನು ಯಾರೂ ಮುಂದಕ್ಕೆ ತಳ್ಳಲಿಲ್ಲ. ಡ್ರೈವರ್ ನನ್ನ ಕೈಯಿಂದ ಟವೆಲ್ ತೆಗೆದುಕೊಂಡು ಅದನ್ನು ಸುಮ್ಮನೆ ಮಡಿಸುತ್ತ ನಿಂತ.

ಸೂಪರ್‌ವೈಸರ್ ಮೊದಲು ಆ ಇನ್ನೊಂದು ಕಂಪನಿಗೆ ಫೋನು ಮಾಡಿ, ತಾನು ನಿನ್ನೆ ಹೇಳಿದ್ದು ತಪ್ಪು, ಅವರ ಕೈಯಲ್ಲಿ ದೋಷವಿರಲಿಲ್ಲ ಎಂದ. ಎಲ್ಲರ ಮುಂದೆಯೇ ಹೇಳಿಸಿದೆ. ಆಮೇಲೆ ವಾರಗಿತ್ತಿಗೆ ಮಾಡಿದ. ನನಗೂ ಕೇಳಿಸಲೆಂದು ಸ್ಪೀಕರ್ ಹಾಕಿದ. ನಡೆದದ್ದು ಹೇಳಿ, ಸೋಮವಾರದಿಂದ ಬನ್ನಿ ಎಂದ.

"ಬರ್ತೀನೋ ಇಲ್ವೋ ಯೋಚನೆ ಮಾಡಿ ಹೇಳ್ತೀನಿ ಸರ್," ಎಂದಳು. ಆಮೇಲೆ, "ಅಕ್ಕ ಅಲ್ಲೇ ಇದಾರಾ?"

"ಇಲ್ಲೇ ಇದಾರೆ. ಕೊಡ್ಲಾ?"

"ಬೇಡ. ಅವರು ಕುಂಡಕ್ಕೆಲ್ಲ ಕೈ ಹಾಕಿದಾರಲ್ಲ, ಎಲ್ಲಾದ್ರೂ ಕೊಯ್ದಿದ್ಯಾ ನೋಡಿ ಸರ್. ಅವರಿಗೆ ಗೊತ್ತಾಗಲ್ಲ."

ಫೋನು ನಿಂತಿತು. ಸೂಪರ್‌ವೈಸರ್ ನನ್ನ ಬಲಗೈ ಹಿಡಿದು ಕಿಟಕಿಯ ಬಳಿ ಒಯ್ದ. ಮಣ್ಣು ಒರೆಸಿ ಒಂದೊಂದೇ ಬೆರಳನ್ನು ಬೆಳಕಿಗೆ ತಿರುಗಿಸಿ ನೋಡತೊಡಗಿದ. ಗಾಯವಿದೆಯೋ ಇಲ್ಲವೋ ತಿಳಿಯಲು ನಾನು ಅವನ ಮುಖವನ್ನೇ ನೋಡುತ್ತ ನಿಂತೆ.